ತೂಕವಿಲ್ಲದ ಚಿನ್ನ: ‘ಸ್ಕೈರಿಮ್’ ಆಟದ ಕಮ್ಮಾರಸಾಲೆಯನ್ನು ಕುರಿತು

ಕಳೆದ ಬೇಸಿಗೆಯಲ್ಲಿ ನಮ್ಮ ಬಸದಿಯ ಪಾಠಶಾಲೆಯ ಪಾಲಕರ ಸಭೆಯಲ್ಲಿ ಒಂದು ಸೂಚನೆ ಬಂದಿತು. ಗಣಕಯಂತ್ರದಲ್ಲಿ ಕತ್ತಿ ಕವಚಗಳ ಆಟವಾಡುವುದು ಹಿಂಸೆಯೆಂದು ಸಾರಿ, ಅದನ್ನು ಬಿಡುವ ನಿಯಮವನ್ನು ಮಕ್ಕಳಿಗೆ ಕೊಡಿಸಬೇಕೆಂಬುದು ಅದರ ಸಾರ. ಹಿರಿಯರೊಬ್ಬರು ಜನ್ನ ಕವಿಯ ‘ಯಶೋಧರ ಚರಿತೆ’ಯನ್ನು ನೆನಪಿಸಿದರು. ಹಿಟ್ಟಿನ ಹುಂಜವನ್ನು ಬಲಿಗೊಟ್ಟ ಸಂಕಲ್ಪಮಾತ್ರದಿಂದಲೇ ಯಶೋಧರನು ಜನ್ಮಜನ್ಮಗಳಲ್ಲಿ ತೊಳಲಿದನಷ್ಟೆ. ಚಿತ್ರದ ಶತ್ರುವನ್ನು ಕೊಲ್ಲುವ ಬಾಲಕನಿಗೆ ದೋಷವಿಲ್ಲವೆನ್ನುವುದು ಹೇಗೆ, ಎಂದು ಅವರ ಪ್ರಶ್ನೆ. ಬಹುಮಂದಿ ತಲೆದೂಗಿದರು. ನಾನು ಮಾತ್ರ, ಆಟವನ್ನು ಕಣ್ಣಾರೆ ನೋಡದೆ ಕೈಯೆತ್ತಲಾರೆನೆಂದು ಒಂದು ತಿಂಗಳ ಅವಕಾಶ ಬೇಡಿದೆ. ಸರಕನ್ನು ನೋಡದೆ ಬೆಲೆ ಕಟ್ಟುವುದು ವರ್ತಕನಿಗೆ ಒಪ್ಪುವ ನಡತೆಯಲ್ಲ. ಆ ತಿಂಗಳು ರಜೆಗೆ ಬಂದಿದ್ದ ಮೊಮ್ಮಗನ ಪಕ್ಕದಲ್ಲಿ ದಿನಕ್ಕೊಂದು ಗಂಟೆ ಕುಳಿತು ನೋಡಿದುದರ ಫಲವೇ ಈ ಲೇಖನ.

ಅವನು ಆಡುತ್ತಿದ್ದುದು ‘ದಿ ಎಲ್ಡರ್ ಸ್ಕ್ರೋಲ್ಸ್ 5: ಸ್ಕೈರಿಮ್’. ಅಮೆರಿಕೆಯ ಬೆಥೆಸ್ಡಾ ಗೇಮ್ ಸ್ಟುಡಿಯೋಸ್ ರಚಿಸಿದ ಈ ಆಟವು 2011ರ ನವೆಂಬರ್ 11ರಂದು ಬಿಡುಗಡೆಯಾಯಿತು. ಹಿಮಾವೃತವಾದ ಕಲ್ಪಿತ ದೇಶವೊಂದರಲ್ಲಿ ಬೆಂಕಿಯುಗುಳುವ ಡ್ರ್ಯಾಗನ್‌ಗಳು ಮರಳಿ ಬಂದಿವೆ; ಅವನ್ನೆದುರಿಸುವ ವೀರನ ಪಾತ್ರ ಆಡುವವನದು. ಕಥೆಯಿದ್ದರೂ, ಆಟಗಾರನ ಹೊತ್ತಿನ ಬಹುಪಾಲು ಹೋಗುವುದು ಯುದ್ಧಕ್ಕಿಂತ ಯುದ್ಧದ ಸಿದ್ಧತೆಗೆ ಎಂಬುದನ್ನು ನಾನು ಎರಡನೆಯ ದಿನವೇ ಕಂಡುಕೊಂಡೆ. ಕತ್ತಿಯನ್ನು ಹರಿತಗೊಳಿಸುವುದು, ಕವಚವನ್ನು ಬಲಪಡಿಸುವುದು, ಔಷಧರಸಗಳನ್ನು ಕುದಿಸುವುದು: ಈ ಮೂರು ಕೆಲಸಗಳನ್ನು ಕುರಿತೇ ನನ್ನ ವಿಮರ್ಶೆ.

ಮೊದಲು ಗುಣವನ್ನು ಹೇಳಬೇಕು. ನಲವತ್ತು ವರ್ಷ ಪಾತ್ರೆಯ ಅಂಗಡಿಯಲ್ಲಿ ಕುಳಿತ ನನಗೆ ಲೋಹದ ಹದ ಅಷ್ಟಿಷ್ಟು ಗೊತ್ತು. ಈ ಆಟದಲ್ಲಿ ಅದಿರನ್ನು ಅಗೆದು ತೆಗೆಯಬೇಕು, ಕುಲುಮೆಯಲ್ಲಿ ಕರಗಿಸಿ ಗಟ್ಟಿ ಮಾಡಬೇಕು, ತೊಗಲನ್ನು ಹದಗೊಳಿಸಿ ಪಟ್ಟಿ ಕೊಯ್ಯಬೇಕು. ಒಂದು ಕಬ್ಬಿಣದ ಗಟ್ಟಿಯೂ ಒಂದು ತೊಗಲಿನ ಪಟ್ಟಿಯೂ ಸೇರಿದರೆ ಒಂದು ಬಾಕು. ಕತ್ತಿಗೆ ಸಾಣೆಕಲ್ಲು, ಕವಚಕ್ಕೆ ಬೇರೆ ಮೇಜು. ರಿವರ್‌ವುಡ್ ಎಂಬ ಹಳ್ಳಿಯ ಆಲ್ವೋರ್ ಎಂಬ ಕಮ್ಮಾರನು ಹೊಸಬನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಈ ಕ್ರಮವನ್ನು ಹೇಳಿಕೊಡುತ್ತಾನೆ. ವಸ್ತುವು ಅಂಗಡಿಯಲ್ಲಿ ತಾನಾಗಿ ಹುಟ್ಟುವುದಿಲ್ಲ, ಅದರ ಹಿಂದೆ ಗಣಿಯೂ ಬೆಂಕಿಯೂ ಕೈಯೂ ಇವೆ ಎಂಬ ಪಾಠ ನಮ್ಮ ಪೇಟೆಯ ಮಕ್ಕಳಿಗೆ ಬೇರೆಲ್ಲಿ ದೊರೆಯುತ್ತದೆ?

ಸಾಣೆಗೆ ಆರು ಮೆಟ್ಟಿಲುಗಳಿವೆ. ‘ಚೆನ್ನಾದುದು’ ಎಂಬಲ್ಲಿಂದ ಹೊರಟು ‘ಐತಿಹ್ಯಕ್ಕೆ ಸಲ್ಲುವಂಥದು’ ಎಂಬಲ್ಲಿಯವರೆಗೆ ಒಂದೇ ಕತ್ತಿಗೆ ಆರು ಬಿರುದುಗಳು. ಪ್ರತಿ ಮೆಟ್ಟಿಲಿಗೂ ಕಮ್ಮಾರಿಕೆಯ ನೈಪುಣ್ಯ ಹೆಚ್ಚಬೇಕು. ಹೆಚ್ಚಲು ಇನ್ನಷ್ಟು ವಸ್ತುಗಳನ್ನು ಮಾಡಬೇಕು. ಆರಂಭದಲ್ಲಿ ಯಾವ ವಸ್ತು ಮಾಡಿದರೂ ನೈಪುಣ್ಯ ಒಂದೇ ಸಮನಾಗಿ ಏರುತ್ತಿದ್ದುದರಿಂದ, ಅಗ್ಗದ ಬಾಕುಗಳನ್ನು ನೂರುಗಟ್ಟಲೆ ಮಾಡಿ ಎಸೆಯುವುದು ಆಟಗಾರರಲ್ಲಿ ರೂಢಿಯಾಯಿತು. 2012ರಲ್ಲಿ ಬಂದ ತಿದ್ದುಪಡಿಯಲ್ಲಿ, ಮಾಡಿದ ವಸ್ತುವಿನ ಬೆಲೆಯನ್ನೂ ನೈಪುಣ್ಯದ ಲೆಕ್ಕಕ್ಕೆ ತಂದರು. ಯಾರಿಗೂ ಬೇಡದ ಬಾಕುಗಳ ರಾಶಿ ಅಸಹ್ಯವೆಂದು ರಚಿಸಿದವರಿಗೂ ತೋರಿರಬೇಕು.

ಇನ್ನು ಹರಿತದಿಂದ ಬಂದ ಲಾಭವೇನು? ಇಲ್ಲಿ ಆಟದ ಗಣಿತ ಕುತೂಹಲಕರವಾಗಿದೆ. ಆಟಗಾರನ ಮಟ್ಟ ಏರಿದಂತೆ ಎದುರಾಳಿಗಳ ಮಟ್ಟವೂ ಬಹುಮಟ್ಟಿಗೆ ಏರುತ್ತದೆ. ಮೊದಲು ಸಾಮಾನ್ಯ ದರೋಡೆಕಾರರಿದ್ದ ಕಣಿವೆಯಲ್ಲಿ ಬಳಿಕ ಬಲಿಷ್ಠರೇ ನಿಂತಿರುತ್ತಾರೆ. ಕಮ್ಮಾರಿಕೆಯೂ ಮಟ್ಟವನ್ನು ಏರಿಸುವುದರಿಂದ, ಕುಲುಮೆಯ ಮುಂದೆಯೇ ಕುಳಿತವನಿಗೆ ಹೊರಬಂದಾಗ ಲೋಕವೇ ಕಠಿಣವಾಗಿ ಕಾಣುತ್ತದೆ. ಇದಕ್ಕೆ ಹಿಂದಿನ ‘ಆಬ್ಲಿವಿಯನ್’ ಆಟದಲ್ಲಿ (2006) ದಾರಿಗಳ್ಳರೂ ಅತಿ ದುಬಾರಿಯಾದ ಕವಚ ತೊಟ್ಟು ಚಿಲ್ಲರೆ ಹಣಕ್ಕೆ ಅಡ್ಡಗಟ್ಟುವ ವಿಚಿತ್ರವಿತ್ತು. ಸಂಬಳ ಏರಿದಷ್ಟೇ ಅಕ್ಕಿಯ ಬೆಲೆಯೂ ಏರಿದರೆ ಮನೆಗೆ ಬಂದ ಲಾಭ ಸೊನ್ನೆಯೆಂಬುದನ್ನು ಯಾವ ಗೃಹಿಣಿಯೂ ಬಲ್ಲಳು. ಆದರೂ ಸ್ಕೈರಿಮ್‌ನಲ್ಲಿ ಪಟ್ಟುಹಿಡಿದ ಕಮ್ಮಾರನು ಕೊನೆಗೆ ಎಲ್ಲರನ್ನೂ ಮೀರುತ್ತಾನೆ. ಕವಚವು ಪೆಟ್ಟಿನಲ್ಲಿ ಶೇಕಡಾ 80ರಷ್ಟನ್ನು ತಡೆಯಬಲ್ಲದು, ಅದಕ್ಕಿಂತ ಹೆಚ್ಚಿಲ್ಲ. ಆ ಮಿತಿಯನ್ನು ಮುಟ್ಟಿದ ಬಳಿಕ ಕವಚಕ್ಕೆ ಹಾಕಿದ ಲೋಹವೆಲ್ಲ ವ್ಯರ್ಥ. ನನ್ನ ಮೊಮ್ಮಗ ಆ ಮಿತಿಯನ್ನು ದಾಟಿಯಾಗಿತ್ತು. ಕವಚವನ್ನು ಬಲಪಡಿಸುವುದನ್ನು ನಿಲ್ಲಿಸಿರಲಿಲ್ಲ. “ಯಾಕಪ್ಪಾ?” ಎಂದೆ. “ಅಂಕಿ ಏರ್ತದಲ್ಲ ಅಜ್ಜಾ, ನೋಡೋಕೆ ಚೆಂದ” ಎಂದ. ಸುಳ್ಳಿಲ್ಲದ ಉತ್ತರ. ದೀಪಾವಳಿಯಲ್ಲಿ ಲೆಕ್ಕ ಮುಗಿಸುವ ವರ್ತಕರಾದ ನಾವು ಅದನ್ನು ನೋಡಿ ನಗುವಂತಿಲ್ಲ.

ರಸವಿದ್ಯೆಯ ಮೇಜಿನ ಮುಂದೆ ನನ್ನ ಮನಸ್ಸು ಇನ್ನಷ್ಟು ನಿಂತಿತು. ಪ್ರತಿ ಮೂಲವಸ್ತುವಿಗೂ ನಾಲ್ಕು ಗುಣಗಳಿವೆ. ಒಂದೇ ಗುಣವುಳ್ಳ ಎರಡನ್ನು ಸೇರಿಸಿದರೆ ಆ ಗುಣದ ರಸ ಸಿದ್ಧವಾಗುತ್ತದೆ. ಗೋಧಿಯನ್ನೂ ಬೆಟ್ಟದ ನೀಲಿ ಹೂವನ್ನೂ ಸೇರಿಸಿದರೆ ಗಾಯ ಮಾಯಿಸುವ ಔಷಧ. ಆದರೆ ಅದೇ ಗುಣ ಚಿಟ್ಟೆಯ ರೆಕ್ಕೆಯಲ್ಲಿಯೂ ಇದೆ. ದಾರಿಯಲ್ಲಿ ಹಾರುವ ಚಿಟ್ಟೆಯನ್ನು ಹಿಡಿದರೆ ಸಂಚಿಯಲ್ಲಿ ರೆಕ್ಕೆ ಬಂದು ಕೂಡುತ್ತದೆ. ವ್ಯಾಪಾರದಲ್ಲಿ ಒಳ್ಳೆಯ ಬೆಲೆ ದೊರಕಿಸುವ ರಸವೂ ಒಂದುಂಟು. ಅದಕ್ಕೆ ಹತ್ತಿ ಮತ್ತು ಒಂದು ಬಗೆಯ ಹೂ ಸಾಕು. ಚಿಟ್ಟೆಯ ರೆಕ್ಕೆಯೂ ಆಗುತ್ತದೆ. ಎಂದರೆ ಸಸ್ಯದಿಂದಲೇ ಸಾಗುವ ಕಾರ್ಯಕ್ಕೆ ಚತುರಿಂದ್ರಿಯ ಜೀವವನ್ನೂ ಕಪಾಟಿನಲ್ಲಿ ಇರಿಸಲಾಗಿದೆ. ಎರಡಕ್ಕೂ ಆಟದಲ್ಲಿ ಲೆಕ್ಕ ಒಂದೇ.

ಇದೇ ಆಟದ ಹಳ್ಳಿಯಲ್ಲಿ ಒಂದು ಕೋಳಿಯನ್ನು ಕೊಂದರೆ ಊರೆಲ್ಲ ಆಯುಧ ಹಿಡಿದು ಬೆನ್ನಟ್ಟುತ್ತದೆ. ಕೇಳಿದಾಗ ನನಗೆ ಸಂತೋಷವಾಯಿತು. ವಿಚಾರಿಸಿದರೆ, ಆ ಕೋಳಿಗೆ ಒಡೆಯನಿದ್ದಾನೆ; ಅಪರಾಧವಾದುದು ಅವನ ಸೊತ್ತು ಹಾಳಾದುದರಿಂದ. ಚಿಟ್ಟೆಗೆ ಒಡೆಯನಿಲ್ಲ, ಆದ್ದರಿಂದ ಅಪರಾಧವೂ ಇಲ್ಲ. ಆಟದ ಧರ್ಮಶಾಸ್ತ್ರವೆಲ್ಲ ಈ ಒಂದು ಭೇದದಲ್ಲಿದೆ. ಅದು ನಮ್ಮ ಬೀದಿಯ ಧರ್ಮಶಾಸ್ತ್ರವೂ ಆಗಿದೆಯೆಂಬುದನ್ನು ಒಪ್ಪಿಕೊಳ್ಳಬೇಕು.

ಮಕ್ಕಳು ಕತ್ತಿ ಹಿಡಿದರೆಂಬ ಮಾತ್ರಕ್ಕೆ ನಾವು ಬೆಚ್ಚಬೇಕಾಗಿಲ್ಲ. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಸೇನಾಪತಿ. 978ರಲ್ಲಿ ಪುರಾಣ ರಚಿಸಿದ ಕೈಯೇ ಖಡ್ಗವನ್ನೂ ಹಿಡಿದಿತ್ತು. ಆಕ್ರಮಣವನ್ನು ತಡೆಯುವ ವಿರೋಧಿ ಹಿಂಸೆಯನ್ನು ನಮ್ಮ ಆಚಾರ್ಯರು ಗೃಹಸ್ಥನ ವಿಷಯದಲ್ಲಿ ಸಂಕಲ್ಪೀ ಹಿಂಸೆಯಿಂದ ಬೇರ್ಪಡಿಸಿದ್ದಾರೆ. ಹಾಗೆಯೇ ಪ್ರಯೋಜನವಿಲ್ಲದ ಪಾಪಕ್ಕೆ ಅನರ್ಥದಂಡವೆಂಬ ಬೇರೆ ಹೆಸರನ್ನಿಟ್ಟಿದ್ದಾರೆ. ಬೆಂಕಿಯುಗುಳುತ್ತ ಎರಗಿದ ಡ್ರ್ಯಾಗನ್‌ನ್ನು ಎದುರಿಸುವ ಬಾಲಕನಲ್ಲಿ ಕೊಲ್ಲುವ ಹಂಬಲವನ್ನು ನಾನು ಕಾಣಲಿಲ್ಲ. ಪೆಟ್ಟಿಗೆಯಲ್ಲಿ 187 ಔಷಧಗಳಿರುವಾಗ ಮತ್ತೊಂದು ಚಿಟ್ಟೆಯ ಕಡೆಗೆ ಚಾಚಿದ ಕೈಯಲ್ಲಿ ಬೇರೇನನ್ನೋ ಕಂಡೆ. ಆ 187ನ್ನು ಎಣಿಸಿದವನು ನಾನೇ. ಮುಖ್ಯ ಕಥೆ ಮುಗಿದಾಗಲೂ ಅವು ಹಾಗೆಯೇ ಇದ್ದವು. ಮುಂದೆ ಬೇಕಾದೀತೆಂದು ಒಂದನ್ನೂ ಕುಡಿದಿರಲಿಲ್ಲ. ಹಿಟ್ಟಿನ ಹುಂಜದ ಪ್ರಶ್ನೆ ತಗಲುವುದು ಇಲ್ಲಿ. ಚಿತ್ರದ ಚಿಟ್ಟೆ ಸಾಯಲಿಲ್ಲ, ದ್ರವ್ಯಹಿಂಸೆ ಇಲ್ಲ. ಆದರೆ ಭಾವ ಮಾತ್ರ ಪ್ರತಿ ಬಾರಿಯೂ ಒಂದು ಸಾಣೆ ಪಡೆಯಿತು.

ಈಗ ತೂಕದ ವಿಷಯ. ವೀರನು ಹೊರಬಲ್ಲ ಭಾರಕ್ಕೆ ಮಿತಿಯಿದೆ. ಮೊದಲಿಗೆ ಅದು 300. ಮೀರಿದರೆ ಅವನು ಓಡಲಾರ, ಕಾಲೆಳೆದುಕೊಂಡು ನಡೆಯಬೇಕು. ಇಷ್ಟು ನೋಡಿ ನಾನು, ಇದು ಪರಿಗ್ರಹ ಪರಿಮಾಣ ವ್ರತದ ಚಿತ್ರವೇ ಸರಿಯೆಂದು ಹಿಗ್ಗಿದೆ. ಆಮೇಲೆ ತಿಳಿಯಿತು: ಮಟ್ಟ ಏರಿದಾಗ ದೇಹಬಲವನ್ನು ಆರಿಸಿಕೊಂಡರೆ ಮಿತಿ ಐದರಂತೆ ಹೆಚ್ಚುತ್ತದೆ, ಒಂದು ಮಾಯಾಶಿಲೆಯನ್ನು ಮುಟ್ಟಿದರೆ ಒಮ್ಮೆಗೇ ನೂರು ಹೆಚ್ಚುತ್ತದೆ, ಮಂತ್ರಿಸಿದ ಉಡುಪಿನಿಂದ ಇನ್ನಷ್ಟು. ಅದೂ ಸಾಲದಿದ್ದರೆ ಲಿಡಿಯಾ ಎಂಬ ಸೇವಕಿಯ ಬೆನ್ನಿಗೆ ಹೊರಿಸಬಹುದು. ಕತ್ತಿಯಂತೆ ಮಿತಿಯೂ ಸಾಣೆ ಹಿಡಿಯಬಹುದಾದ ವಸ್ತುವಾಯಿತು! ಪರಿಮಿತ ಪರಿಗ್ರಹಕ್ಕೆ ಸಮಂತಭದ್ರಾಚಾರ್ಯರು ಹೇಳಿದ ಐದು ಅತಿಚಾರಗಳಲ್ಲಿ ಅತಿಸಂಗ್ರಹವೂ ಇದೆ, ಲೋಭದಿಂದ ಇನ್ನೊಂದು ಜೀವದ ಮೇಲೆ ಮಿತಿಮೀರಿ ಹೇರುವ ಅತಿಭಾರವಹನವೂ ಇದೆ. ಮೂಟೆ ಹೊತ್ತ ಲಿಡಿಯಾಳನ್ನು ಕಂಡಾಗ ನನಗೆ ನೆನಪಾದುದು ಅದೇ. ಎಲ್ಲಕ್ಕಿಂತ ಸೋಜಿಗದ ಸಂಗತಿ, ಈ ಆಟದಲ್ಲಿ ಚಿನ್ನದ ನಾಣ್ಯಕ್ಕೆ ತೂಕವೇ ಇಲ್ಲ. ಒಂದು ಲಕ್ಷ ನಾಣ್ಯ ಹೊತ್ತವನೂ ಬರಿಗೈಯವನೂ ಒಂದೇ ವೇಗದಲ್ಲಿ ಓಡುತ್ತಾರೆ. ಆಟದ ಸುಳ್ಳುಗಳಲ್ಲಿ ಡ್ರ್ಯಾಗನ್‌ಗಿಂತ ದೊಡ್ಡ ಸುಳ್ಳು ಇದು.

ಇದನ್ನು ಬರೆಯುವವನ ಸ್ಥಿತಿಯನ್ನೂ ಹೇಳದಿದ್ದರೆ ಅಪ್ರಾಮಾಣಿಕವಾದೀತು. ಮೂವತ್ತು ವರ್ಷಗಳ ಹಿಂದೆ ಮುನಿಶ್ರೀಗಳ ಸನ್ನಿಧಿಯಲ್ಲಿ ನಾನೂ ಪರಿಮಾಣ ಮಾಡಿಕೊಂಡೆ. ಮನೆ, ಹೊಲ, ಬೆಳ್ಳಿ ಬಂಗಾರ, ಅಂಗಡಿಯ ದಾಸ್ತಾನು ಇಷ್ಟಿಷ್ಟೆಂದು ಒಂದು ವಹಿಯಲ್ಲಿ ಬರೆದಿಟ್ಟೆ. ಎರಡನೆಯ ಮಳಿಗೆ ತೆಗೆದಾಗ ಆ ಅಂಕಿಯನ್ನು ತಿದ್ದಿದೆ. ಮಗ ವ್ಯಾಪಾರಕ್ಕೆ ಬಂದಾಗ ಮತ್ತೆ ತಿದ್ದಿದೆ. ಮೂರನೆಯ ಬಾರಿಗೆ ಯಾವ ನೆಪವಿತ್ತೆಂಬುದೇ ಮರೆತಿದೆ. ಪ್ರತಿ ಬಾರಿಯೂ ರೂಪಾಯಿಯ ಬೆಲೆ ಇಳಿದಿದೆಯೆಂದು ಸಮಾಧಾನ ಹೇಳಿಕೊಂಡೆ. ಮಾಯಾಶಿಲೆಯನ್ನು ನಾನೂ ಮೂರು ಸಲ ಮುಟ್ಟಿದ್ದೇನೆ.

ಇನ್ನೊಂದು ಪ್ರಕರಣವನ್ನು ಲೆಕ್ಕ ಬಲ್ಲವರು ಗಮನಿಸಬೇಕು. ಮಂತ್ರಬಲವನ್ನು ಹೆಚ್ಚಿಸುವ ರಸ ಕುಡಿದು, ರಸವಿದ್ಯೆಯನ್ನು ಹೆಚ್ಚಿಸುವ ಉಂಗುರವನ್ನು ಮಂತ್ರಿಸಬಹುದು. ಆ ಉಂಗುರ ತೊಟ್ಟು ಇನ್ನೂ ಬಲವಾದ ರಸ, ಆ ರಸದಿಂದ ಇನ್ನೂ ಬಲವಾದ ಉಂಗುರ. ಈ ಸುತ್ತಿನ ಹೆಚ್ಚಳ ಕ್ರಮೇಣ ಕ್ಷೀಣಿಸಿ ನಿಲ್ಲುತ್ತದೆ. ಆದರೆ ಆರೋಗ್ಯಮಂತ್ರಕ್ಕೆ ಬಲ ಕೊಡುವ ಮತ್ತೊಂದು ರಸವನ್ನು ನಡುವೆ ತಂದರೆ, ನಿಯಮಗಳಲ್ಲಿ ಉಳಿದ ಬಿರುಕಿನಿಂದಾಗಿ ಸುತ್ತು ನಿಲ್ಲುವುದೇ ಇಲ್ಲ; ಅಂಕಿ ಬೆಳೆದು ಬೆಳೆದು ಕೊನೆಗೆ ಋಣಸಂಖ್ಯೆಯಾಗುವುದೂ, ಆಟವೇ ಕುಸಿದು ನಿಲ್ಲುವುದೂ ಉಂಟು. ನಮ್ಮ ಬಿ.ಕಾಂ. ತರಗತಿಯಲ್ಲಿ, ಸರಕಿನ ವ್ಯವಹಾರವೇ ಇಲ್ಲದೆ ಇಬ್ಬರು ವರ್ತಕರು ಒಬ್ಬರ ಮೇಲೊಬ್ಬರು ಹುಂಡಿ ಬರೆದುಕೊಂಡು ಹಣವೆತ್ತುವ ಉಪಾಯವನ್ನು ಓದಿದ್ದೆವು. ಕಾಗದದ ಮೇಲೆ ಇಬ್ಬರೂ ಶ್ರೀಮಂತರು, ಗಡುವಿನ ದಿನ ಇಬ್ಬರೂ ದಿವಾಳಿ. ಉಂಗುರಕ್ಕೆ ರಸವೂ ರಸಕ್ಕೆ ಉಂಗುರವೂ ಜಾಮೀನಾದ ಈ ವ್ಯವಹಾರ ಅದೇ ಜಾತಿಯದು.

ಬೇರೆ ಆಟಗಳು ಬೇರೆ ಹಾದಿ ಹಿಡಿದಿವೆ. ನಿಂಟೆಂಡೊ ಸಂಸ್ಥೆಯ ‘ಬ್ರೆತ್ ಆಫ್ ದಿ ವೈಲ್ಡ್’ (2017) ಆಟದಲ್ಲಿ ಆಯುಧಗಳು ಬಳಸಿದಂತೆ ಸವೆದು ಮುರಿಯುತ್ತವೆ. ಅನಿತ್ಯಭಾವನೆಗೆ ಒಳ್ಳೆಯ ಅಭ್ಯಾಸವಾಗಬಹುದಿತ್ತು. ಆದರೆ ಅಲ್ಲಿಯೂ ಆಯುಧವಿಡುವ ಜಾಗವನ್ನು ಬೀಜಗಳನ್ನು ಕೊಟ್ಟು ಹೆಚ್ಚಿಸಿಕೊಳ್ಳಬಹುದು. ಅಂಥ 900 ಬೀಜಗಳಿವೆ; ಜಾಗವನ್ನು ಪೂರ್ತಿ ಹೆಚ್ಚಿಸಲು ಅರ್ಧದಷ್ಟೂ ಬೇಡ, 441 ಸಾಕು. ಎಲ್ಲ 900ನ್ನೂ ಕೂಡಿಸಿದವನಿಗೆ ಸಿಗುವ ಬಹುಮಾನ ಬಂಗಾರದ ಬಣ್ಣದ ಒಂದು ಹೇಸಿಗೆಯ ಮುದ್ದೆ. ರಚಿಸಿದವರ ಈ ಹಾಸ್ಯ ನನಗೆ ಮೆಚ್ಚುಗೆಯಾಯಿತು. ‘ಡಯಾಬ್ಲೊ 3’ (2012) ಆಟದಲ್ಲಿ ಆಟಗಾರರು ಆಯುಧ ಕವಚಗಳನ್ನು ನಿಜವಾದ ಹಣಕ್ಕೆ ಹರಾಜಿನಲ್ಲಿ ಕೊಳ್ಳುವ, ಮಾರುವ ವ್ಯವಸ್ಥೆಯಿತ್ತು. ಅದರಿಂದ ಆಟದ ಸಾರವೇ ಕೆಡುತ್ತಿದೆಯೆಂದು ಒಪ್ಪಿಕೊಂಡು ಬ್ಲಿಝರ್ಡ್ ಸಂಸ್ಥೆ 2014ರ ಮಾರ್ಚ್ 18ರಂದು ಆ ಹರಾಜುಕಟ್ಟೆಯನ್ನು ಮುಚ್ಚಿತು. ಲಾಭವಿದ್ದ ಅಂಗಡಿಯನ್ನು ಮುಚ್ಚಿದವರು ವಿರಳ. ಅದಕ್ಕಾಗಿ ಅವರಿಗೆ ವಂದನೆ ಸಲ್ಲಬೇಕು.

ತಿಂಗಳು ಕಳೆದು ಸಭೆಗೆ ಹೋದಾಗ ನಾನು ಹೇಳಿದ್ದು ಇಷ್ಟು. ಈ ಆಟದ ದೋಷವನ್ನು ಕತ್ತಿಯಲ್ಲಿ ಹುಡುಕಿದರೆ ಸಿಗಲಾರದು. ಅಗತ್ಯ ತೀರಿದ ಬಳಿಕವೂ ಸಾಣೆಯಿಂದ ಕೈ ತೆಗೆಯದಿರುವುದರಲ್ಲಿ, ಗೋಧಿಯಿಂದ ಆಗುವುದಕ್ಕೆ ಚಿಟ್ಟೆಯನ್ನು ಹಿಡಿಯುವುದರಲ್ಲಿ, ಮಿತಿಯನ್ನೇ ಮೇಲೇರಿಸುವುದರಲ್ಲಿ ಅದು ಇದೆ. ಬರಿಯ ನಿಷೇಧದಿಂದ ಮಕ್ಕಳು ಕತ್ತಿಯನ್ನು ಮರೆತಾರು, ಸಾಣೆಯ ಚಟ ಬೇರೆ ರೂಪದಲ್ಲಿ ಅಂಗಡಿಗೂ ಮನೆಗೂ ಬಂದೀತು. ಆದ್ದರಿಂದ ನಿಯಮದ ಬದಲು ವಹಿಯನ್ನು ಕೊಡೋಣ. ಆಡುವ ಮಗು ವಾರಕ್ಕೊಮ್ಮೆ ಒಂದು ಪುಟ ಜಮಾ ಖರ್ಚು ಬರೆಯಲಿ: ಏನು ಮಾಡಿದೆ, ಯಾರಿಂದ ಏನು ತೆಗೆದೆ, ಎಷ್ಟನ್ನು ಬಳಸಿದೆ, ಎಷ್ಟು ಪೆಟ್ಟಿಗೆಯಲ್ಲಿ ಉಳಿಯಿತು.

ಸಭೆ ಅರೆಮನಸ್ಸಿನಿಂದ ಒಪ್ಪಿತು. ಈಗ ಹನ್ನೊಂದು ಮಕ್ಕಳು ಬರೆಯುತ್ತಿದ್ದಾರೆ. ಮೊಮ್ಮಗ ತನ್ನ ಮೊದಲ ಪುಟವನ್ನು ಅಂಚೆಯಲ್ಲಿ ಕಳಿಸಿದ್ದಾನೆ. ಚಿಟ್ಟೆಯ ಕಲಂನಲ್ಲಿ ಸೊನ್ನೆ, ಔಷಧದ ಕಲಂನಲ್ಲಿ 187ರ ಬದಲು 140. ಕೆಳಗೆ ಒಂದು ಸಾಲು: “ಅಜ್ಜಾ, ನಿಮ್ಮ ವಹಿಯ ಪುಟವನ್ನೂ ಕಳಿಸಿರಿ.” ದೀಪಾವಳಿಗೆ ಮುಂಚೆ ದಾಸ್ತಾನು ಎಣಿಸಿ ಕಳಿಸುವುದಾಗಿ ಉತ್ತರ ಬರೆದಿದ್ದೇನೆ. ಈ ಬಾರಿ ಅಂಕಿಯನ್ನು ತಿದ್ದಬೇಕಾದರೆ ಇಳಿಸಿಯೇ ತಿದ್ದಬೇಕೆಂಬುದು ನನ್ನ ಸಂಕಲ್ಪ.