ಕರಿಯ ವೃತ್ತದ ನಾಮಕರಣ

ಲೋಹದೊಳಗಿನ ಬಿರುಕನ್ನು ಮಾರ್ದನಿಯಿಂದ ಪತ್ತೆಹಚ್ಚುವ ಕಾರ್ಖಾನೆಯ ಉಪಕರಣವನ್ನು ರೋಗಿಗಳ ಉದರಪರೀಕ್ಷೆಗೆ ಒಗ್ಗಿಸಿಕೊಂಡ ಗ್ಲಾಸ್ಗೋ ನಗರದ ಪ್ರಸೂತಿತಜ್ಞ ಇಯಾನ್ ಡೊನಾಲ್ಡ್, ತನ್ನ ಸಹೋದ್ಯೋಗಿಗಳೊಡನೆ ೧೯೫೮ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನಕ್ಕೆ ಕೀರ್ತಿ ತಂದುಕೊಟ್ಟ ಪ್ರಸಂಗವೆಂದರೆ, ಗುಣವಾಗದ ಅರ್ಬುದವೆಂದು ವೈದ್ಯರು ಕೈಚೆಲ್ಲಿದ್ದ ಹೆಂಗಸೊಬ್ಬಳ ಹೊಟ್ಟೆಯಲ್ಲಿದ್ದುದು ಅಂಡಾಶಯದ ನೀರುಗುಳ್ಳೆಯಷ್ಟೇ ಎಂದು ತೋರಿಸಿಕೊಟ್ಟುದು. ನೀರನ್ನು ಗುರುತಿಸುವುದರಲ್ಲಿಯೇ ಈ ವಿದ್ಯೆ ಕಣ್ಣು ತೆರೆಯಿತೆಂದರೂ ಸಲ್ಲುತ್ತದೆ. ಇಂದಿಗೂ ಅದರ ಬಲವಿರುವುದು ಅಲ್ಲಿಯೇ. ಗರ್ಭಸ್ಥ ಶಿಶುವಿನ ಯಕೃತ್ತಿನ ಮಟ್ಟಿಗೆ ಅದು ತಡವರಿಸುವುದೂ ಅಲ್ಲಿಯೇ.

ಐದನೆಯ ತಿಂಗಳ ಸ್ಕ್ಯಾನಿಂಗಿನಲ್ಲಿ, ತಣ್ಣನೆಯ ಜೆಲ್ ಬಳಿದ ಹೊಟ್ಟೆಯ ಮೇಲೆ ವೈದ್ಯರು ಪ್ರೋಬನ್ನು ಓರೆಯಾಗಿಸುತ್ತ, ಶಿಶುವಿನ ಹೊಟ್ಟೆಯ ಸುತ್ತಳತೆ ತೆಗೆಯುವ ಅಡ್ಡನೋಟವನ್ನು ಹಿಡಿದು ನಿಲ್ಲಿಸಿದಾಗ, ಬೂದುಬಣ್ಣದ ಯಕೃತ್ತೂ, ಪಕ್ಕದಲ್ಲಿ ಜಠರದ ಕರಿಯ ಗುಳ್ಳೆಯೂ, ನಡುವೆ ಕೊಕ್ಕೆಯಂತೆ ಬಾಗಿದ ಹೊಕ್ಕುಳಿನ ರಕ್ತನಾಳವೂ ತೋರಬೇಕು. ಇವುಗಳ ಜೊತೆಗೆ ನುಣುಪಂಚಿನ ಮತ್ತೊಂದು ಕರಿಯ ವೃತ್ತ ಕಂಡಿತೆನ್ನಿ. ಹಿಗ್ಗಿದ ರಕ್ತನಾಳವೇನೋ ಎಂಬ ಸಂದೇಹವನ್ನು ಡಾಪ್ಲರ್ ಗುಂಡಿಯೊಂದೇ ಪರಿಹರಿಸುತ್ತದೆ, ರಕ್ತ ಹರಿಯುವೆಡೆಯಲ್ಲಿ ಬಣ್ಣ ಮೂಡುವುದಷ್ಟೆ. ಮೂಡದಿದ್ದರೆ ಕಷ್ಟ ಆರಂಭವಾಗುತ್ತದೆ: ಅದು ಯಕೃತ್ತಿನದೇ ನಿರುಪದ್ರವಿ ಸಿಸ್ಟೊ, ಉಬ್ಬಿಕೊಂಡ ಪಿತ್ತನಾಳವೊ, ಆ ನಾಳವೇ ಮುಚ್ಚಿಹೋಗುವ ಘೋರವ್ಯಾಧಿಯ ಮುನ್ಸೂಚನೆಯೊ, ವಿರಳವಾದ ಹ್ಯಾಮಾರ್ಟೋಮ ಗಡ್ಡೆಯ ಒಂದು ಕೋಣೆಯೊ? ನೀರು ಎಲ್ಲೆಡೆಯೂ ಒಂದೇ ಕಪ್ಪು. ಹಲವು ವಾರಗಳ ಬಳಿಕ ಮತ್ತೆ ನೋಡಿ, ಬೆಳೆಯಿತೆ, ಕುಗ್ಗಿತೆ, ಪಿತ್ತಕೋಶ ಬೇರೆಯಾಗಿ ಕಾಣುತ್ತದೆಯೆ ಎಂದು ಅಳೆದರೂ ಊಹೆ ಊಹೆಯಾಗಿಯೇ ಉಳಿಯುವುದುಂಟು.

ನಮ್ಮ ದೇಶದಲ್ಲಿ ಇದಕ್ಕೊಂದು ವಿಲಕ್ಷಣ ತೊಡಕೂ ಸೇರಿದೆ. ಕಡೆಯ ತಿಂಗಳುಗಳಲ್ಲಿ ಶಿಶುವಿನ ಹೊಟ್ಟೆಯಲ್ಲಿ ಕಾಣುವ ಗುಳ್ಳೆ ಅಂಡಾಶಯದ್ದೂ ಆಗಿರಬಹುದು. ಆದರೆ ಹಾಗೆಂದು ಹೆಸರಿಸಿದೊಡನೆ ಮಗು ಹೆಣ್ಣೆಂದು ಸಾರಿದಂತಾಯಿತು, ೧೯೯೪ರ ಕಾಯಿದೆಯೋ ಮಾತಿನಿಂದಾಗಲಿ ಸನ್ನೆಯಿಂದಾಗಲಿ ಅದನ್ನು ತಿಳಿಸಕೂಡದೆನ್ನುತ್ತದೆ. ಗೋಡೆಯ ಮೇಲಿನ ಫಲಕವನ್ನು ಬೆನ್ನಿಗಿಟ್ಟುಕೊಂಡು ಕುಳಿತ ವೈದ್ಯರು ‘ಉದರದ ಸಿಸ್ಟ್’ ಎಂದಷ್ಟೇ ಬರೆದರೆ, ಆ ಅಸ್ಪಷ್ಟತೆಯನ್ನು ನಾನು ದೋಷವೆನ್ನಲಾರೆ.

ನನ್ನ ಆಕ್ಷೇಪ ಬೇರೆಯದು. ಹೆಚ್ಚಿನ ಗುಳ್ಳೆಗಳು ಸುಮ್ಮನಿರುವಂಥವು, ಕೆಲವು ತಾವಾಗಿ ಅಡಗುವಂಥವು. ಆದರೆ ಪಿತ್ತನಾಳ ಮುಚ್ಚಿದ ಕೂಸಿಗೆ, ಜಪಾನಿನ ಶಸ್ತ್ರವೈದ್ಯ ಮೊರಿಯೊ ಕಸಾಯಿ ರೂಪಿಸಿದ, ಕರುಳನ್ನು ಯಕೃತ್ತಿಗೇ ಜೋಡಿಸುವ ಚಿಕಿತ್ಸೆಯನ್ನು ಹುಟ್ಟಿದ ಅರವತ್ತು ದಿನಗಳೊಳಗೆ ಮಾಡಿದರೆ ಫಲಿಸುವ ಸಂಭವ ಹೆಚ್ಚು. ಆದುದರಿಂದ ಗರ್ಭದಲ್ಲಿ ಕಂಡುದರ ಬೆಲೆಯೆಲ್ಲ ಹೆರಿಗೆಯ ನಂತರದ ಎಚ್ಚರದಲ್ಲಿದೆ: ಎರಡು ವಾರ ಕಳೆದರೂ ಕಾಮಾಲೆ ಇಳಿಯದೆ, ಮಲ ಸುಣ್ಣದಂತೆ ಬಿಳಚಿಕೊಂಡರೆ ತಡಮಾಡದೆ ಧಾವಿಸಬೇಕು. ಸಿಸ್ಟಿನ ಅಳತೆಯನ್ನು ಮಿಲಿಮೀಟರಿನ ದಶಾಂಶದವರೆಗೆ ಬರೆಯುವ ವರದಿಯಲ್ಲಿ ಈ ಮಾತಿಗೆ ಸ್ಥಳ ಸಿಗುವುದು ಅಪೂರ್ವ. ಸ್ಕ್ಯಾನಿಂಗ್ ನಡೆದದ್ದು ಗಂಡನ ಊರಿನಲ್ಲಿ, ಬಾಣಂತಿತನ ತವರಿನಲ್ಲಿ. ಅಲ್ಲಿ ಕೂಸಿನ ಬಟ್ಟೆ ಒಗೆಯುತ್ತ ಮಲದ ಬಣ್ಣ ನೋಡುವವಳು ಅಜ್ಜಿ, ಕಣ್ಣು ಹಳದಿಯಾಯಿತೆಂದರೆ ಎಳೆಬಿಸಿಲಿಗೆ ಹಿಡಿಯುವವಳೂ ಅವಳೇ. ಅವಳಿಗೆ ತಲುಪಬೇಕಾದ ಎಚ್ಚರಿಕೆ, ‘ಮರುಪರೀಕ್ಷೆ ಸೂಕ್ತ’ ಎಂಬರ್ಥದ ಇಂಗ್ಲಿಷ್ ಸಾಲೊಂದಾಗಿ, ಅಳಿಯನ ಮನೆಯ ಬೀರುವಿನ ಕಡತದಲ್ಲಿ ಮಡಿಸಿಟ್ಟಂತೆಯೇ ಇರುತ್ತದೆ.