ನಾದಿರಾಳ ಅಪ್ಪನಿಗೆ ಯಾವ ಕಾನೂನು?

ತಲಾಕ್ ಎಂದೊಡನೆ ಮೂರು ಸಲ ಹೇಳಿ ಎದ್ದುಹೋಗುವ ಗಂಡನೇ ನಮ್ಮ ಕಣ್ಮುಂದೆ ಬರುತ್ತಾನೆ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಲ್ಲಿ ಅಂಥ ಗಂಡನೇ ಇಲ್ಲ. ರಶೀದನಿಗೆ ಹೆಂಡತಿ ಬೇಕು, ನಾದಿರಾಳಿಗೂ ಗಂಡ ಬೇಕು. ಸಂಸಾರ ಮುರಿಯುವವನು ಅವಳ ಅಪ್ಪ ಮಹಮ್ಮದ್ ಖಾನ್. ಕೇಳಿದ ದುಡ್ಡು ಅಳಿಯನಿಂದ ಬರಲಿಲ್ಲವೆಂದು ಮಗಳನ್ನು ಮನೆಗೆ ಕರೆತಂದು ತಲಾಕ್ ಆಗುವವರೆಗೂ ಬಿಡುವುದಿಲ್ಲ. ಆಮೇಲೆ ಮತ್ತೆ ಒಂದಾಗಬೇಕೆಂದರೆ ನಾದಿರಾ ಒಂದು ರಾತ್ರಿಯ ಮಟ್ಟಿಗಾದರೂ ಇನ್ನೊಬ್ಬನ ಹೆಂಡತಿಯಾಗಬೇಕು, ಅದೇ ಹಲಾಲ. ಅವಳು ಮಸೀದಿಯ ಕೆರೆಗೆ ಇಳಿಯುತ್ತಾಳೆ.

1980ರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಈ ಕಾಸರಗೋಡಿನ ಕಥೆಯನ್ನು ಇಂದಿನ ಕಾನೂನಿನ ಎದುರು ಇಟ್ಟು ನೋಡಬೇಕು. ಹಲಾಲದ ಮಾತು ಬಂದಿರುವುದರಿಂದ ಇಲ್ಲಿ ಮೂರೂ ತಲಾಕ್ ಒಟ್ಟಿಗೇ ಬಿದ್ದಿವೆ ಎಂದೇ ಓದೋಣ. 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ಮೂವರು ನ್ಯಾಯಮೂರ್ತಿಗಳು ಅಂಥ ತಲಾಕ್ ಸಲ್ಲದು ಎಂದರು. ಅಂದರೆ ಮದುವೆ ಮುರಿದೇ ಇಲ್ಲ, ಹಲಾಲವೂ ಬೇಡ. ಇಷ್ಟರಿಂದ ನಾದಿರಾ ಉಳಿಯುತ್ತಿದ್ದಳು. 2019ರ ಕಾಯ್ದೆ ಮಾತ್ರ ಬೇರೆ ದಾರಿ ಹಿಡಿಯಿತು. ಹಾಗೆ ತಲಾಕ್ ಹೇಳಿದವನಿಗೆ ಮೂರು ವರ್ಷದವರೆಗೆ ಜೈಲು. ದೂರನ್ನು ಹೆಂಡತಿಯೇ ಕೊಡಬೇಕೆಂದಿಲ್ಲ, ಅವಳ ರಕ್ತಸಂಬಂಧಿಯೂ ಕೊಡಬಹುದು. ಹೆಂಡತಿಗಾಗಿ ಹಂಬಲಿಸುವ ರಶೀದನನ್ನು ಒಳಗೆ ಹಾಕಿಸಲು ಮಹಮ್ಮದ್ ಖಾನನೇ ಠಾಣೆಗೆ ಹೋಗಬಹುದಿತ್ತು! ಅವನ ಮೇಲೆ ಮಾತ್ರ ಆ ಕಾಯ್ದೆಯಲ್ಲಿ ಒಂದು ಅಕ್ಷರವೂ ಇಲ್ಲ. ಹೆಣ್ಣಿನ ಬಾಳನ್ನು ಕೆಡಿಸುವ ಕೈ ಕೆಲವೊಮ್ಮೆ ತವರಿನದೇ ಎಂಬುದನ್ನು ಸಾರಾ ಕಂಡಷ್ಟು ಸ್ಪಷ್ಟವಾಗಿ ಸಂಸತ್ತು ಕಾಣಲಿಲ್ಲ.

ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯಲ್ಲಂತೂ ತಲಾಕೇ ಇಲ್ಲ. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಯಾಕೂಬ್ ಅಶ್ರಫಳನ್ನು ಬಿಟ್ಟು ನಡೆಯುತ್ತಾನೆ. ಅವಳು ಅರ್ಜಿ ಹಿಡಿದು ಮಸೀದಿಯ ಉಸ್ತುವಾರಿ ನೋಡುವ ಮುತವಲ್ಲಿಯ ಹಿಂದೆ ಅಲೆದು, ಕಡೆಗೆ ಕಾಯಿಲೆಯ ಕೂಸಿನೊಂದಿಗೆ ಮಸೀದಿಗೇ ಬಂದು ಕೂರುತ್ತಾಳೆ. ನ್ಯಾಯ ಹೇಳಬೇಕಾದವನಿಗೆ ತನ್ನ ಊಟ, ತನ್ನ ಗತ್ತು ಮೊದಲು. ಗಂಡನ ಬಾಯಿಂದ ತಲಾಕ್ ಬರದೆ ಬೀದಿಗೆ ಬಿದ್ದವಳಿಗೆ 2019ರ ಕಾಯ್ದೆಯಿಂದ ಮೂರು ಕಾಸಿನ ಉಪಯೋಗವಿಲ್ಲ. ಅದಕ್ಕಿಂತ 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆಯೇ ವಾಸಿ: ಗಂಡ ಎರಡು ವರ್ಷ ಜೀವನಾಂಶ ಕೊಡದಿದ್ದರೆ ಹೆಂಡತಿಯೇ ಕೋರ್ಟಿನಿಂದ ಬಿಡುಗಡೆ ಪಡೆಯಬಹುದು. ಗಿರೀಶ ಕಾಸರವಳ್ಳಿ ಬಾನು ಅವರ ಈ ಕಥೆಯನ್ನು ‘ಹಸೀನಾ’ ಸಿನಿಮಾ ಮಾಡಿದರು, ಅದರಲ್ಲಿ ನಟಿಸಿದ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು.

ಎರಡರಲ್ಲಿ ನನಗೆ ಬಾನು ಅವರ ಕಥೆಯೇ ಮೇಲು. ನಾದಿರಾ ಸತ್ತಾಗ ಓದುಗ ಕಣ್ಣೊರೆಸಿಕೊಂಡು ಪುಸ್ತಕ ಮುಚ್ಚಬಹುದು. ಮದುವೆಗೆ ಗಂಡ ಕೊಡಬೇಕಾದ ಮಹರ್ ಏನಾಯಿತು, ಅವಳ ಮಗುವಿಗೆ ಯಾರು ಗತಿ ಎಂದು ಕೇಳುವವರಿಲ್ಲ. ಅಶ್ರಫಳ ಕೂಸು ಸತ್ತ ಮೇಲೆ ಊರಿನ ಹೆಂಗಸರು ಮುತವಲ್ಲಿಗೆ ಶಾಪ ಹಾಕುತ್ತಾರೆ, ಅವನ ಹೆಂಡತಿ ಆಮಿನಾ ಅವನ ಮಾತು ಮೀರಿ ಮಕ್ಕಳಾಗದಂತೆ ಆಪರೇಷನ್‌ಗೆ ಹೊರಡುತ್ತಾಳೆ. ಇಲ್ಲಿ ಅಳು ಒಬ್ಬಳದಾಗಿ ಉಳಿಯುವುದಿಲ್ಲ.

ಆದರೆ ಇಬ್ಬರು ಲೇಖಕಿಯರೂ ತಮ್ಮ ನಾಯಕಿಯನ್ನು ಕೋರ್ಟಿನ ಮೆಟ್ಟಿಲು ಹತ್ತಿಸಲಿಲ್ಲ, ಬಾನು ಸ್ವತಃ ವಕೀಲೆಯಾಗಿದ್ದೂ. ಕಾಸರಗೋಡಿನಂತೆಯೇ ಕರ್ನಾಟಕದ ಗೆರೆಯಾಚೆ ಉಳಿದ, ಆಂಧ್ರದ ಅಗಳಿಯಂಥ ಊರಲ್ಲಿ ಕೂತು ಓದಿದರೆ ಈ ಕೊರತೆ ಹೆಚ್ಚು ಕಾಡುತ್ತದೆ. ಮನೆಯೊಳಗೆ ದಖನಿ, ಬೀದಿಯಲ್ಲಿ ಕನ್ನಡ, ಸರ್ಕಾರಿ ಕಾಗದ ತೆಲುಗಿನಲ್ಲಿ. ಶಿರಾ ಕಡೆಗೆ ಕೊಟ್ಟ ಮಗಳು ತಲಾಕ್ ಆಗಿ ಮಕ್ಕಳನ್ನು ಕಟ್ಟಿಕೊಂಡು ಹಿಂದಿರುಗಿದರೆ ಜಮಾತಿನ ಹಿರಿಯರು ಎರಡು ಸಲ ಕೂತು ಮಾತಾಡುತ್ತಾರೆ, ಮೂರನೇ ಸಲ ‘ಇದ್ದತ್ ಮುಗೀತಲ್ಲಮ್ಮ’ ಎನ್ನುತ್ತಾರೆ. ತಲಾಕಿನ ನಂತರ ಕಾಯಬೇಕಾದ ಇದ್ದತ್ ಅವಧಿ ಮುಗಿದರೆ ಹಕ್ಕು ಮುಗಿಯುವುದಿಲ್ಲ. ತೆಲಂಗಾಣದ ಪ್ರಕರಣವೊಂದರಲ್ಲಿ 2024ರ ಜುಲೈ 10ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ನಾಗರತ್ನ ಮತ್ತು ಮಸೀಹ್ ಅವರ ಪೀಠ, ವಿಚ್ಛೇದಿತ ಮುಸ್ಲಿಂ ಮಹಿಳೆಯೂ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ಜೀವನಾಂಶ ಕೇಳಬಹುದೆಂದು ಖಚಿತಪಡಿಸಿತು. ಈಗ ಅದು ಹೊಸ ಸಂಹಿತೆಯ 144ನೇ ಕಲಮು. ಅರ್ಜಿಗೆ ಶಿರಾಕ್ಕೇ ಅಲೆಯಬೇಕಿಲ್ಲ, ಅವಳು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು.

ಹಾಕಿದ ಮೇಲಿನ ಕಥೆಯೂ ಸುಖಾಂತವೇನಲ್ಲ. ಬೆಂಗಳೂರಿನ ಒಬ್ಬಾಕೆಗೆ 1991ರಲ್ಲಿ ತಲಾಕ್ ಆಯಿತು. ಮಹರ್ 5,000 ರೂಪಾಯಿ. 2002ರಲ್ಲಿ ದಾವೆ ಹೂಡಿದಳು, 2011ರಲ್ಲಿ ತಿಂಗಳಿಗೆ 3,000 ರೂಪಾಯಿಯ ಡಿಕ್ರಿ ಸಿಕ್ಕಿತು. ವಸೂಲಿಗೆ ಹೋದಾಗ ಗಂಡ ಹೈಕೋರ್ಟಿಗೆ ಓಡಿದ. 2021ರ ಅಕ್ಟೋಬರ್‌ನಲ್ಲಿ ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್ ಅವನ ಅರ್ಜಿ ವಜಾ ಮಾಡಿ 25,000 ರೂಪಾಯಿ ದಂಡ ಹಾಕಿದರು. ಆ ಹೊತ್ತಿಗೆ ತಲಾಕ್ ಆಗಿ ಮೂವತ್ತು ವರ್ಷ.