ಬಿಎಂಐ ನಾರ್ಮಲ್, ಆದರೆ ಶುಗರ್?

ಒಬ್ಬ ಕನ್ನಡಿಗರನ್ನು ಊಹಿಸಿಕೊಳ್ಳಿ. ಎತ್ತರ 170 ಸೆಂಟಿಮೀಟರ್, ತೂಕ 69 ಕೆಜಿ, ಸೊಂಟದ ಸುತ್ತಳತೆ 92 ಸೆಂಟಿಮೀಟರ್. ಬಿಎಂಐ ಲೆಕ್ಕ ಹಾಕಿದರೆ 23.9 ಬರುತ್ತೆ. 25ಕ್ಕಿಂತ ಕಡಿಮೆ, ಹಾಗಾಗಿ ಆಪ್‌ನಲ್ಲಿ ಹಸಿರು ಬಣ್ಣ. ಇವರಿಗೆ ಈಗಾಗಲೇ ಸಕ್ಕರೆ ಕಾಯಿಲೆ ಇದೆ ಅಂದುಕೊಳ್ಳಿ. ಆದರೂ ‘ನಾನೇನು ದಪ್ಪ ಇಲ್ವಲ್ಲ’ ಅಂತ ಅವರು ನೆಮ್ಮದಿಯಾಗಿರ್ತಾರೆ. ನನ್ನ ತಕರಾರು ಆ ನೆಮ್ಮದಿಯ ಬಗ್ಗೆ.

ಡೇಟಾ ಜೊತೆ ಕೆಲಸ ಮಾಡುವವರು ಯಾವ ಅಂಕಿ ಕಂಡರೂ ಮೊದಲು ಕೇಳುವುದು ಇದನ್ನೇ: ಇದನ್ನು ಯಾರು, ಯಾತಕ್ಕಾಗಿ ಮಾಡಿದರು? ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಈ ಸೂತ್ರ 1830ರ ದಶಕದ್ದು. ಕೊಟ್ಟವರು ಬೆಲ್ಜಿಯಂನ ಅಡಾಲ್ಫ್ ಕೆಟಲೆ. ಅವರು ಖಗೋಳ ಮತ್ತು ಸಂಖ್ಯಾಶಾಸ್ತ್ರದವರು, ವೈದ್ಯರಲ್ಲ. ಹುಡುಕುತ್ತಿದ್ದುದು ‘ಸರಾಸರಿ ಮನುಷ್ಯ’ನನ್ನು, ರೋಗಿಯನ್ನಲ್ಲ. ಬಾಡಿ ಮಾಸ್ ಇಂಡೆಕ್ಸ್ ಅನ್ನೋ ಹೆಸರು ಬಂದಿದ್ದು 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರಿಂದ.

ಈ ಸೂತ್ರಕ್ಕೆ ಮಾಂಸಖಂಡ ಯಾವುದು, ಕೊಬ್ಬು ಯಾವುದು ಅಂತ ಗೊತ್ತಾಗಲ್ಲ. ಕೊಬ್ಬು ತೊಡೆಯಲ್ಲಿದೆಯೋ ಹೊಟ್ಟೆಯೊಳಗಿದೆಯೋ, ಅದೂ ಗೊತ್ತಾಗಲ್ಲ. ಆದರೆ ಇನ್ಸುಲಿನ್ ಕೆಲಸಕ್ಕೆ ಹೆಚ್ಚು ಅಡ್ಡಿ ಮಾಡುವುದು ಹೊಟ್ಟೆಯೊಳಗಿನ ಮತ್ತು ಲಿವರಿನ ಕೊಬ್ಬು. 2004ರಲ್ಲಿ ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿದರು. ಇಬ್ಬರ ಬಿಎಂಐಯೂ 22.3. ಕೊಬ್ಬು ಮಾತ್ರ ಯಾಜ್ಞಿಕರಲ್ಲಿ ಶೇ 21.2, ಯುಡ್ಕಿನ್‌ರಲ್ಲಿ ಶೇ 9.1. ಇದನ್ನು ಪುರಾವೆ ಅಂತ ಓದಬೇಡಿ. ಇರೋದು ಎರಡೇ ಜನ, ಅದರಲ್ಲೂ ಯುಡ್ಕಿನ್ ಮ್ಯಾರಥಾನ್ ಓಡುವವರು. ಬಿಎಂಐ ಏನನ್ನು ಮುಚ್ಚಿಡಬಲ್ಲದು ಅನ್ನೋದಕ್ಕೆ ಒಳ್ಳೆ ಉದಾಹರಣೆ, ಅಷ್ಟೆ.

ಪುರಾವೆ ಬೇಕಾದರೆ 2021ರ ಇಂಗ್ಲೆಂಡಿನ ಅಧ್ಯಯನ ನೋಡಿ. ಸುಮಾರು 14.7 ಲಕ್ಷ ಜನರ ದಾಖಲೆ. ಬಿಳಿಯರಲ್ಲಿ ಬಿಎಂಐ 30 ಆದಾಗ ಟೈಪ್ 2 ಡಯಾಬಿಟಿಸ್ ಬರುವ ಅಪಾಯ ಎಷ್ಟೋ, ದಕ್ಷಿಣ ಏಷ್ಯಾದವರಲ್ಲಿ 23.9ಕ್ಕೇ ಅಷ್ಟು. ನಮ್ಮ ಕನ್ನಡಿಗರ ಹಸಿರು ಅಂಕಿ ಅದೇ ಅಲ್ವಾ? ಬ್ರಿಟನ್ನಿನ ನೈಸ್ ಸಂಸ್ಥೆ ನಮ್ಮಂಥವರಿಗೆ ಅಧಿಕ ತೂಕದ ಗೆರೆಯನ್ನು 23ಕ್ಕೆ, ಬೊಜ್ಜಿನ ಗೆರೆಯನ್ನು 27.5ಕ್ಕೆ ಇಳಿಸಿದೆ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಕೂಡ 2015ರಲ್ಲಿ ಏಷ್ಯನ್ ಅಮೆರಿಕನ್ನರ ತಪಾಸಣೆಗೆ 23 ಅಂದಿತು. ನೀವು ಯಾವ ಮೂಲದವರು ಅಂತ ನಿಮ್ಮ ಆಪ್ ಎಂದಾದರೂ ಕೇಳಿದೆಯಾ?

ಹಾಗಾದರೆ ಸೊಂಟ ಅಳೆದರೆ ಮುಗೀತಾ? ಇಲ್ಲ. ಅಲ್ಲೂ ಗೆರೆಗಳು ಬೇರೆ ಬೇರೆ. ಅಮೆರಿಕದಲ್ಲಿ ಬಹಳ ಕಾಲ ಬಳಸಿದ ಮಿತಿ ಗಂಡಸರಿಗೆ 102, ಹೆಂಗಸರಿಗೆ 88 ಸೆಂಟಿಮೀಟರ್. ಇಂಟರ್‌ನ್ಯಾಷನಲ್ ಡಯಾಬಿಟಿಸ್ ಫೆಡರೇಷನ್ ದಕ್ಷಿಣ ಏಷ್ಯಾದವರಿಗೆ ಹೇಳುವುದು 90 ಮತ್ತು 80. ಟೇಪು ಎಲ್ಲಿ ಹಿಡಿಯುತ್ತೀರಿ ಅನ್ನೋದರ ಮೇಲೂ ಅಂಕಿ ಬದಲಾಗುತ್ತೆ. ಪ್ಯಾಂಟ್ ಸೈಜಂತೂ ಲೆಕ್ಕಕ್ಕೇ ಇಲ್ಲ, ಯಾಕಂದರೆ ಬೆಲ್ಟು ಹೊಟ್ಟೆಯ ಕೆಳಗೆ ಜಾರಿ ಕೂತಿರುತ್ತೆ. ಸೊಂಟ ಮತ್ತು ನಿತಂಬದ ಅನುಪಾತಕ್ಕೆ ಇನ್ನೊಂದು ದೋಷ: ತೂಕ ಇಳಿದು ಎರಡೂ ಕರಗಿದರೆ ಅನುಪಾತ ಇದ್ದಲ್ಲೇ ಇರುತ್ತೆ.

ಸಕ್ಕರೆ ಕಾಯಿಲೆ ಇರುವವರಿಗೆ ತೊಡಕು ಇನ್ನೂ ಜಾಸ್ತಿ. ಶುಗರ್ ಹತೋಟಿ ತಪ್ಪಿದಾಗಲೂ ತೂಕ ಇಳಿಯುತ್ತೆ. ಆಗ ಬಿಎಂಐ ಸುಧಾರಿಸಿದ ಹಾಗೆ ಕಾಣುತ್ತೆ, ದೇಹ ಸೊರಗುತ್ತಿರುತ್ತೆ. ಇನ್ಸುಲಿನ್ ಶುರು ಮಾಡಿ ಶುಗರ್ ಹತೋಟಿಗೆ ಬಂದಾಗ ತೂಕ ಏರಬಹುದು. ಹಾಗಾಗಿ ಒಂದೇ ಅಂಕಿಯಿಂದ ‘ಒಳ್ಳೇದಾಯ್ತು’, ‘ಕೆಟ್ಟದಾಯ್ತು’ ಅಂತ ತೀರ್ಮಾನಿಸಬೇಡಿ. ಬಿಎಂಐ, ಸೊಂಟ, ಎಚ್‌ಬಿಎ1ಸಿ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬಿಎಂಐ ಒಂದರಿಂದಲೇ ಒಬ್ಬ ವ್ಯಕ್ತಿಯ ಬೊಜ್ಜನ್ನು ನಿರ್ಧರಿಸಬೇಡಿ ಅಂತ 2025ರಲ್ಲಿ ಲ್ಯಾನ್ಸೆಟ್‌ನ ಆಯೋಗವೂ ಹೇಳಿದೆ.

ಬಿಎಂಐಯನ್ನು ಎಸೆಯಿರಿ ಅಂತ ನಾನು ಹೇಳ್ತಿಲ್ಲ. ದೊಡ್ಡ ಜನಸಮೂಹದ ಲೆಕ್ಕಕ್ಕೆ ಅದು ಅಗ್ಗದ, ಉಪಯುಕ್ತ ಅಳತೆ. ಮನೆಯಲ್ಲಿ ಮಾತ್ರ ಒಂದು ದಾರ ತಗೊಳ್ಳಿ. ನಿಮ್ಮ ಎತ್ತರದಷ್ಟು ಕತ್ತರಿಸಿ, ಅರ್ಧಕ್ಕೆ ಮಡಚಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಸಹಜವಾಗಿ ಉಸಿರು ಬಿಟ್ಟು, ಹೊಟ್ಟೆ ಒಳಗೆಳೆಯದೆ ಸುತ್ತಿ. ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ ಅನ್ನೋದು ನೈಸ್‌ನ ಸಲಹೆ. ನಮ್ಮ ಕನ್ನಡಿಗರ ಮಿತಿ 85, ಇರುವುದು 92. ನಿಮ್ಮ ದಾರದ ತುದಿಗಳೂ ಕೂಡದಿದ್ದರೆ, ಆಪ್‌ನಲ್ಲಿ ಹಸಿರಿದ್ದರೂ, ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಅದನ್ನೇ ಮೊದಲು ಹೇಳಿ. ಊರಿಂದ ಬಂದಿರುವ ಅಪ್ಪ ಅಮ್ಮನಿಗೂ ಒಂದು ದಾರ ಕತ್ತರಿಸಿ.